ಕೈಕಾಗದದ ಮೇಲೆ ಅಚ್ಚು ಹರಡುತ್ತಿದೆ, ಪಂಚ್ ಒತ್ತಿದರೆ ಅಂಚು ಪಿಂಜುತ್ತಿದೆ

ಪ್ರಶ್ನೆ (ಡೊಂಬಿವಲಿಯಿಂದ)

ಎಲ್ಲರಿಗೂ ನಮಸ್ಕಾರ. ಗೌರಿ ಹಬ್ಬದಂದು ಬಾಗಿನದ ಮೊರದೊಳಗೆ ಒಂದೊಂದು ಶುಭಾಶಯ ಪತ್ರವನ್ನೂ ಇಟ್ಟುಕೊಡಬೇಕೆಂಬ ಆಸೆಯಿಂದ 40 ಪತ್ರಗಳನ್ನು ಕೈಯಾರೆ ಮಾಡಲು ಕುಳಿತಿದ್ದೇನೆ. ಪುಣೆಯಿಂದ ತರಿಸಿದ ಹತ್ತಿಯ ಕೈಕಾಗದವಿದೆ, ಕಮಲದ ರಬ್ಬರ್ ಸ್ಟ್ಯಾಂಪ್ ಮತ್ತು ಎಲೆಯಾಕಾರದ ಪೇಪರ್ ಪಂಚ್ ಇವೆ. ಆದರೆ ಅಚ್ಚೊತ್ತಿದ ಕೂಡಲೇ ದಳಗಳ ನಡುವಿನ ಸಣ್ಣ ಗೆರೆಗಳೆಲ್ಲ ಶಾಯಿಯಿಂದ ತುಂಬಿ, ಹೂವು ಒಂದೇ ಮುದ್ದೆಯಾಗಿ ಕಾಣುತ್ತದೆ. ಪಂಚ್ ಒತ್ತಿದರೆ ಎಲೆ ಪೂರ್ತಿ ಬೇರ್ಪಡದೆ ನಾರು ಹಿಡಿದು ನೇತಾಡುತ್ತದೆ. ಪಂಚ್ ಹೊಸದು. ದೋಷ ಎಲ್ಲಿದೆ ಎಂದು ದಯವಿಟ್ಟು ತಿಳಿಸಿ.

ಉತ್ತರ 1 (ಪುಣೆಯಿಂದ)

ದೋಷ ನಿಮ್ಮ ಕೈಯದೂ ಅಲ್ಲ, ಪಂಚಿನದೂ ಅಲ್ಲ, ಕಾಗದದ ಸ್ವಭಾವ ಹಾಗಿದೆ. ಇಲ್ಲಿ ಶಿವಾಜಿನಗರದಲ್ಲಿ 1940ರಲ್ಲಿ ಆರಂಭವಾದ ಕೈಕಾಗದ ಸಂಸ್ಥೆಯಿದೆ. ಇಂಥ ಕಾಗದವನ್ನು ಹತ್ತಿ ಬಟ್ಟೆಯ ಚೂರುಗಳನ್ನು ಅರೆದು ಮಾಡುವುದರಿಂದ ಅದರ ನಾರು ಉದ್ದವಾಗಿಯೂ ಬಲವಾಗಿಯೂ ಇರುತ್ತದೆ. ಪಂಚಿನ ಕೆಲಸ ಕತ್ತರಿಯಂತೆ: ಮೇಲಿನ ಅಚ್ಚು ಕೆಳಗಿನ ತಟ್ಟೆಯ ರಂಧ್ರದೊಳಕ್ಕೆ ಇಳಿಯುವಾಗ ಇವೆರಡರ ನಡುವಿನ ಕೂದಲೆಳೆಯಷ್ಟು ಸಂದಿಯಲ್ಲಿ ನಾರು ತುಂಡಾಗದೆ ಬಾಗಿಕೊಂಡುಬಿಡುತ್ತದೆ. ಜೊತೆಗೆ, ಶಾಯಿ ಹೀರದಂತೆ ಹಾಕುವ ಸೈಜಿಂಗ್ ಕಡಿಮೆಯಿದ್ದರೆ ಕಾಗದ ಒತ್ತುಹಾಳೆಯಂತೆ ಶಾಯಿಯನ್ನು ಎಳೆದುಕೊಳ್ಳುತ್ತದೆ.

ಆದ್ದರಿಂದ ಕೈಕಾಗದವನ್ನು ಪತ್ರದ ಮೈಯಾಗಿ ಮಾತ್ರ ಬಳಸಿ. ಎ4 ಹಾಳೆಯನ್ನು ಅರ್ಧಕ್ಕೆ ಕತ್ತರಿಸಿ ಮಡಿಚಿದರೆ 105×148 ಮಿ.ಮೀ. ಅಳತೆಯ ಎರಡು ಪತ್ರಗಳಾಗುತ್ತವೆ, ನಿಮ್ಮ ಲೆಕ್ಕಕ್ಕೆ 20 ಹಾಳೆ ಸಾಕು. ಕಮಲವನ್ನೂ ಎಲೆಗಳನ್ನೂ 160ರಿಂದ 200 ಜಿಎಸ್‌ಎಂನ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಮಿನಲ್ಲಿ) ನುಣುಪು ಕಾರ್ಡಿನಲ್ಲಿ ಮಾಡಿಕೊಂಡು ಮೇಲೆ ಅಂಟಿಸಿ. ಒರಟು ಹಿನ್ನೆಲೆಯ ಮೇಲೆ ನುಣುಪಾದ ಹೂವು ಎಷ್ಟು ಚೆನ್ನಾಗಿ ಎದ್ದು ಕಾಣುತ್ತದೆಂಬುದನ್ನು ಒಮ್ಮೆ ನೋಡಿ.

ಉತ್ತರ 2 (ಮಾಟುಂಗಾದಿಂದ)

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಮುಂಬಯಿಯ ಮಳೆಗಾಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ನುಣುಪು ಕಾರ್ಡೂ ಕೈಕೊಡುತ್ತದೆ. ತೇವ ಕುಡಿದ ಕಾಗದ ಮೆತ್ತಗಾಗಿ ಪಂಚಿನಲ್ಲಿ ಸಿಕ್ಕಿಕೊಳ್ಳುತ್ತದೆ. ನಾನು ಹಾಳೆಗಳನ್ನು ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು, ಕೆಲಸಕ್ಕೆ ಮುನ್ನ ತೆಳುಬಟ್ಟೆ ಹಾಸಿ ಹದವಾದ ಬಿಸಿಯಲ್ಲಿ ಇಸ್ತ್ರಿ ಮಾಡುತ್ತೇನೆ.

ಸ್ಟ್ಯಾಂಪನ್ನು ಪ್ಯಾಡಿನ ಮೇಲೆ ಅದುಮಬೇಡಿ. ಸ್ಟ್ಯಾಂಪನ್ನು ಅಂಗಾತ ಹಿಡಿದು ಪ್ಯಾಡಿನಿಂದಲೇ ಅದರ ಮೇಲೆ ಮೆಲ್ಲಗೆ ತಟ್ಟಿದರೆ ಶಾಯಿ ಗೆರೆಗಳ ಮೇಲ್ಭಾಗಕ್ಕೆ ಮಾತ್ರ ಹತ್ತುತ್ತದೆ. ಒತ್ತುವಾಗ ಆಚೀಚೆ ತೂಗಿಸದೆ ನೇರವಾಗಿ ಒತ್ತಿ, ನೇರವಾಗಿಯೇ ಎತ್ತಿ. ಡೈ ಇಂಕ್ ಕಾಗದದೊಳಕ್ಕೆ ಇಂಗುತ್ತದೆ, ಪಿಗ್ಮೆಂಟ್ ಇಂಕ್ ಮೇಲೆಯೇ ನಿಂತು ನಿಧಾನವಾಗಿ ಒಣಗುತ್ತದೆ. ಅದು ಹಸಿಯಿರುವಾಗಲೇ ಎಂಬಾಸಿಂಗ್ ಪುಡಿ (ಬಿಸಿಗೆ ಕರಗಿ ಉಬ್ಬುವ ಪುಡಿ) ಉದುರಿಸಿ ಹೀಟ್ ಗನ್ನಿನಿಂದ ಕಾಯಿಸಿದರೆ ಗೆರೆಗಳು ಉಬ್ಬಿ ಹೊಳೆಯುತ್ತವೆ. ತಲೆಗೂದಲು ಒಣಗಿಸುವ ಡ್ರೈಯರ್ ಇದಕ್ಕೆ ಆಗದು, ಅದರ ಗಾಳಿಗೆ ಪುಡಿ ಹಾರುತ್ತದೆಯೇ ಹೊರತು ಕರಗುವುದಿಲ್ಲ.

ಉತ್ತರ 3 (ಮಡಗಾಂವ್‌ನಿಂದ)

ಕೈಕಾಗದವನ್ನು ಪೂರ್ತಿ ಕೈಬಿಡಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಅದರ ಕೆಳಗೆ ಒಂದು ಮೇಣದ ಕಾಗದವನ್ನು ಜೋಡಿಸಿ ಎರಡನ್ನೂ ಒಟ್ಟಿಗೆ ಪಂಚ್ ಮಾಡಿದರೆ ತೆಳುವಾದ ಹಾಳೆಯಾದರೂ ಅಚ್ಚುಕಟ್ಟಾಗಿ ಕತ್ತರಿಸುತ್ತದೆ, ಮೇಣದಿಂದ ಪಂಚಿನ ಬಿಗಿತವೂ ಸಡಿಲವಾಗುತ್ತದೆ. ಅಂಚು ಮೊಂಡಾದಂತೆ ತೋರಿದಾಗ ಅಲ್ಯೂಮಿನಿಯಂ ಫಾಯಿಲ್ಲನ್ನು ನಾಲ್ಕು ಪದರವಾಗಿ ಮಡಿಚಿ ಹತ್ತು ಹನ್ನೆರಡು ಬಾರಿ ಪಂಚ್ ಮಾಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಕಾರ್ಡಿಗೆ ಇಸ್ತ್ರಿ ಮಾಡಿ ಮೂರು ಪತ್ರಗಳನ್ನು ಮುಗಿಸಿದೆ. ಎಲೆಗಳು ಟಪ್ಪೆಂದು ಅಂಗೈಗೆ ಬಿದ್ದವು, ಕಮಲದ ಒಳದಳಗಳ ಗೆರೆಗಳನ್ನು ಒಂದೊಂದಾಗಿ ಎಣಿಸಬಹುದಾಗಿದೆ. ಪಿಗ್ಮೆಂಟ್ ಇಂಕ್ ಮಾತ್ರ ಬೆಳಿಗ್ಗೆಯೂ ಬೆರಳಿಗೆ ಸ್ವಲ್ಪ ಹತ್ತಿತು, ಹೀಗಾಗಿ ಉಳಿದ 37 ಪತ್ರಗಳ ಕಮಲಗಳನ್ನು ಮೊದಲೇ ಒತ್ತಿ ಎರಡು ದಿನ ಫ್ಯಾನಿನ ಕೆಳಗೆ ಹರಡುತ್ತೇನೆ.