ಗುಡ್ಡ ಜಾರುವ ಭಯ ಬಂದರೆ ಮನೆಯ ಕೋವಿ ಏನು ಮಾಡೋದು?

ಪ್ರಶ್ನೆ: ಮಡಿಕೇರಿ ಕಡೆ, ಗುಡ್ಡದ ಬುಡದ ಮನೆ. 2018ರ ಆಗಸ್ಟ್‌ನಂಥ ಮಳೆ ಹಿಡಿದರೆ ನಾಲ್ಕು ಜನ ಹೊರಡಬೇಕು. ಜೋಡಿ ನಳಿಗೆಯ 12 ಬೋರ್ ಕೋವಿ ಇದೆ. ಚೀಲದಲ್ಲಿ ಏನಿರಬೇಕು, ಕೋವಿ ಹೇಗೆ ಒಯ್ಯಬೇಕು?

ಉತ್ತರ 1: ಕೋವಿ ಮಡಚಿ ಎರಡೂ ತೋಟಾ ತೆಗೆಯಿರಿ. ನಳಿಗೆಗಳ ಆಚೆ ಬೆಳಕು ಕಾಣಬೇಕು. ನಳಿಗೆಯ ಕೆಳಗಿನ ಮರದ ಹಿಡಿ ಕಳಚಿದರೆ ಕೋವಿ ಎರಡು ತುಂಡಾಗಿ ಗಿಡ್ಡ ಚೀಲಕ್ಕೆ ಹಿಡಿಯುತ್ತದೆ. ಒರೆಸಿ, ಎಣ್ಣೆ ಬಟ್ಟೆ ಸುತ್ತಿ. ಒದ್ದೆ ಕೋವಿಯನ್ನು ಪ್ಲಾಸ್ಟಿಕ್‌ನಲ್ಲಿ ಬಿಗಿದರೆ ತೇವ ಒಳಗೇ ಉಳಿದು ತುಕ್ಕು ಹಿಡಿಯುತ್ತದೆ. ತೋಟಾ ಬೇರೆ ಡಬ್ಬಿಯಲ್ಲಿ, ಬೀಗ ಹಾಕಿ.

ಉತ್ತರ 2: ಕೊಡವರಿಗೆ, ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಹಿಡುವಳಿ) ಹಿಡುವಳಿದಾರರಿಗೆ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ ನಿಜ, ಆದರೆ ವಿನಾಯಿತಿ ಪತ್ರ ಜೊತೆಗಿರಲಿ. ಕಾಳಜಿ ಕೇಂದ್ರಕ್ಕೆ ಮಾತ್ರ ಕೋವಿ ಬೇಡವೇ ಬೇಡ, ಮಕ್ಕಳು ಸಾಲಾಗಿ ಮಲಗುವ ಜಾಗ ಅದು. ಮೊದಲೇ ಠಾಣೆಯಲ್ಲಿ ಠೇವಣಿ ಇಟ್ಟು, ಕೋವಿ ನಂಬರ್ ಬರೆದ ರಸೀದಿ ಪಡೆಯಿರಿ.

ಉತ್ತರ 3: ತಲೆಗೆ ದಿನಕ್ಕೆ 3 ಲೀಟರ್ ನೀರೆಂದರೆ ನಾಲ್ವರಿಗೆ ಮೂರು ದಿನಕ್ಕೆ 36 ಕೆಜಿ, ಹೊರಲಾಗದು. ತಲಾ 2 ಲೀಟರ್, ಜೊತೆಗೆ ಕ್ಲೋರಿನ್ ಮಾತ್ರೆ. ಕೆಸರು ನೀರನ್ನು ಸೋಸಿಯೇ ಮಾತ್ರೆ ಹಾಕಿ, ಇಲ್ಲವಾದರೆ ಕ್ಲೋರಿನ್ ಕೆಸರಿಗೇ ಮುಗಿಯುತ್ತದೆ. ಜಿಗಣೆಗೆ ಉಪ್ಪಿನ ಗಂಟು. ತೊರೆ ದಿಢೀರ್ ಕೆಂಪಾದರೆ ಅಥವಾ ಬತ್ತಿದರೆ ಮೇಲೆ ಗುಡ್ಡ ಜಾರುತ್ತಿರಬಹುದು; ಚೀಲ, ಕೋವಿ ಎರಡನ್ನೂ ಬಿಟ್ಟು ಓಡಿ.