ಗಿರಾಕಿ ಕಂಪನಿ ಲಿಕ್ವಿಡೇಷನ್‌ಗೆ (ಮುಚ್ಚಿ ಆಸ್ತಿ ಮಾರುವ ಹಂತಕ್ಕೆ) ಹೋಗಿದೆ, 6.8 ಲಕ್ಷ ಬಾಕಿ. ನಮಗೇನಾದ್ರೂ ಸಿಗುತ್ತಾ?

ಪೀಣ್ಯ_ಲೇತ್:
ನಮಸ್ಕಾರ. ಪೀಣ್ಯ ಸೆಕೆಂಡ್ ಸ್ಟೇಜ್‌ನಲ್ಲಿ ನಂದು ಎರಡು ಲೇತ್‌ನ ಸಣ್ಣ ಶಾಪ್. ಒಂದು ಪಂಪ್ ಕಂಪನಿಗೆ ಆರು ವರ್ಷ ಶಾಫ್ಟ್ ಮಾಡಿ ಕೊಟ್ಟಿದ್ದೇನೆ. 6.8 ಲಕ್ಷ ಬಿಲ್ ಬಾಕಿ. ಕೇಳಿದಾಗಲೆಲ್ಲ "ಮುಂದಿನ ವಾರ ನೋಡೋಣ" ಅನ್ನುತ್ತಿದ್ದರು. ಹೋದ ತಿಂಗಳು, 2023ರ ಜೂನ್ 12ಕ್ಕೆ, ಲಿಕ್ವಿಡೇಷನ್ ಆರ್ಡರ್ ಆಯಿತು. ಗೇಟಿಗೆ ಬೀಗ. ಒಳಗೆ ನಮ್ಮ 120 ನೀಲಿ ಕ್ರೇಟ್ ಉಳಿದಿವೆ. ಎಲ್ಲದರ ಮೇಲೂ ಹಳದಿ ಪೇಂಟ್‌ನಲ್ಲಿ ಶಾಪಿನ ಹೆಸರು ನಾನೇ ಬರೆದದ್ದು. ದುಡ್ಡು ಬರುತ್ತಾ? ಜಿಎಸ್‌ಟಿ ಬೇರೆ ನನ್ನ ಕೈಯಿಂದಲೇ ಕಟ್ಟಿದ್ದೇನೆ.

ಲೆಕ್ಕದ_ಮೇಷ್ಟ್ರು:
ಸರ್, ಮೊದಲು ಕೆಲಸ, ಆಮೇಲೆ ಬೇಜಾರು. ಆರ್ಡರ್ ಆದ ದಿನದಿಂದ 30 ದಿನದೊಳಗೆ, ಆಸ್ತಿ ಮಾರಿ ಹಂಚುವ ಲಿಕ್ವಿಡೇಟರ್‌ಗೆ ಕ್ಲೇಮ್ ಹೋಗಬೇಕು. ಮಾಲು ಕೊಟ್ಟು ದುಡ್ಡು ಬರಬೇಕಾದ ನಿಮ್ಮಂಥವರು ಆಪರೇಷನಲ್ ಕ್ರೆಡಿಟರ್, ನಿಮಗೆ ಫಾರಂ ಸಿ. ಪಿಒ (ಪರ್ಚೇಸ್ ಆರ್ಡರ್), ಇನ್‌ವಾಯ್ಸ್, ಮಾಲು ಮುಟ್ಟಿದ ಚಲನ್, ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆಗಿಡಿ. ಕ್ಲೇಮ್ ತಿರಸ್ಕರಿಸಿದರೆ, ಆ ಪತ್ರ ಕೈಗೆ ಸಿಕ್ಕ 14 ದಿನದಲ್ಲಿ ಕಂಪನಿ ಕೇಸು ನೋಡುವ ನ್ಯಾಯಮಂಡಳಿ ಎನ್‌ಸಿಎಲ್‌ಟಿಗೆ ಅಪೀಲ್ ಹಾಕಬಹುದು.

ದುಡ್ಡಿನ ಸರದಿ ದಿವಾಳಿ ಕಾನೂನು ಐಬಿಸಿಯ 53ನೇ ಸೆಕ್ಷನ್‌ನಲ್ಲಿದೆ. ಒಂದು ಲೆಕ್ಕ ಹಾಕೋಣ. ಎಲ್ಲ ಮಾರಿ 10 ಕೋಟಿ ಬಂತು ಅನ್ನಿ. ಪ್ರಕ್ರಿಯೆಯ ಖರ್ಚು 60 ಲಕ್ಷ ಮೊದಲು ಹೋಯಿತು. ಉಳಿದದ್ದು 9.4 ಕೋಟಿ. ಅಡಮಾನದ ಹಕ್ಕು ಬಿಟ್ಟುಕೊಟ್ಟು ಈ ಸರದಿಗೆ ಸೇರಿದ ಬ್ಯಾಂಕಿಗೆ ಬರಬೇಕಾದ್ದು 14 ಕೋಟಿ, ಕಾರ್ಮಿಕರ 24 ತಿಂಗಳ ಬಾಕಿ 1 ಕೋಟಿ. ಇವರಿಬ್ಬರದ್ದೂ ಸಮ ಹಕ್ಕು. ರೂಪಾಯಿಗೆ ಸುಮಾರು 63 ಪೈಸೆ ಹಂಚುವಷ್ಟರಲ್ಲೇ ಪಾತ್ರೆ ಖಾಲಿ. ಆಮೇಲೆ ಉಳಿದ ನೌಕರರ 12 ತಿಂಗಳ ಸಂಬಳ, ಅಡಮಾನ ಇಲ್ಲದ ಸಾಲ ಕೊಟ್ಟವರು, ಸರ್ಕಾರದ ಬಾಕಿ. ಅವರೆಲ್ಲರ ಹಿಂದೆ ನೀವು. ನಿಮ್ಮ ಹಿಂದೆ ಇರೋದು ಷೇರುದಾರರು ಮಾತ್ರ. ಸುಮ್ನೆ ಆಸೆ ಹುಟ್ಟಿಸಲ್ಲ.

ಬಿಲ್ ಮುಳುಗಿದ್ದಕ್ಕೆ ಕಟ್ಟಿದ ಜಿಎಸ್‌ಟಿ ವಾಪಸ್ ಬರಲ್ಲ. ಪುಸ್ತಕದಲ್ಲಿ ಬ್ಯಾಡ್ ಡೆಟ್ (ವಾಪಸ್ ಬರದ ಬಾಕಿ) ಅಂತ ರೈಟ್ ಆಫ್ ಮಾಡಿ, ಇನ್‌ಕಮ್ ಟ್ಯಾಕ್ಸ್ ಆದರೂ ಕಮ್ಮಿಯಾಗಲಿ.

ಹರಿಹರದ_ಫೌಂಡ್ರಿ:
ಅಣ್ಣ, ನನಗೂ ಆಗಿತ್ತು. ಬಿಲ್ಲಿನಲ್ಲಿ ನಯಾಪೈಸೆ ಬರಲಿಲ್ಲ. ಆದರೆ ಅಲ್ಲಿದ್ದ ನನ್ನ ಪ್ಯಾಟರ್ನ್ (ಎರಕದ ಮಾದರಿ) ಎಲ್ಲ ವಾಪಸ್ ತಂದೆ. ಕ್ರೇಟ್ ನಿಮ್ಮ ಸ್ವಂತದ್ದು, ಅಲ್ವಾ? ಬೇರೆಯವರ ಸ್ವತ್ತು ಕಂಪನಿಯ ಶೆಡ್‌ನಲ್ಲಿದ್ದರೂ ಲಿಕ್ವಿಡೇಟರ್ ಮಾರುವ ಹಾಗಿಲ್ಲ, ಐಬಿಸಿಯ 36ನೇ ಸೆಕ್ಷನ್‌ನಲ್ಲಿದೆ. ಹರಾಜಿಗೆ ಮುಂಚೆಯೇ ಬೇರೆ ಪತ್ರ ಬರೆಯಿರಿ, ಫಾರಂ ಜೊತೆ ಕಲಸಬೇಡಿ. ಸ್ಕ್ರ್ಯಾಪ್‌ನವನ ಲಾರಿ ಒಳಗೆ ಹೋದ ಮೇಲೆ ಹಳದಿ ಪೇಂಟ್ ಯಾರೂ ನೋಡಲ್ಲ. ಕ್ರೇಟ್ ಒಳಗೆ ಹೋದದ್ದಕ್ಕೆ ಗೇಟ್ ಪಾಸ್ ಇದೆಯಾ?

ಪೀಣ್ಯ_ಲೇತ್:
ಇಬ್ಬರಿಗೂ ಥ್ಯಾಂಕ್ಸ್. ರಿಟರ್ನಬಲ್ ಗೇಟ್ ಪಾಸ್ ಪುಸ್ತಕ ಮನೆಯವಳು ಅಟ್ಟದ ಮೇಲಿಂದ ಹುಡುಕಿಕೊಟ್ಟಳು. 112 ಕ್ರೇಟಿಗೆ ಅವರ ಸೆಕ್ಯೂರಿಟಿಯ ಸೀಲು, ಸಹಿ ಇದೆ. ಉಳಿದ ಎಂಟಕ್ಕೆ ನಮ್ಮ ಹುಡುಗ ಸಹಿ ಹಾಕಿಸಿಕೊಂಡೇ ಇಲ್ಲ. 112ಕ್ಕೇ ಪತ್ರ ಬರೆದಿದ್ದೇನೆ. ಫಾರಂ ಸಿ ನಾಳೆ ಕಳಿಸುತ್ತೇನೆ.