ಸೊಳ್ಳೆಗೆ ‘ತಳಿ’ ಅನ್ನಬಹುದೇ? ‘ಜಾತಿ’ಯೋ, ‘ಪ್ರಭೇದ’ವೋ?

ಎಲ್ಲರಿಗೂ ನಮಸ್ಕಾರ. ಮಂಡ್ಯದ ನಾಲೆ ಬಯಲಿನ ಹಳ್ಳಿಗಳಲ್ಲಿ ಹಂಚಲು ಸೊಳ್ಳೆ, ಮಲೇರಿಯಾ ಬಗ್ಗೆ ಒಂದು ಕರಪತ್ರ ಬರೆಯುತ್ತಿದ್ದೇನೆ. ಸ್ಪೀಷೀಸ್ (ತಮ್ಮತಮ್ಮಲ್ಲೇ ಕೂಡಿ ಸಂತಾನ ಬೆಳೆಸುವ ಒಂದೇ ಬಗೆಯ ಜೀವಿಗಳು) ಅನ್ನುವುದಕ್ಕೆ ಏನು ಬರೆಯಬೇಕು ಅಂತ ತೋಚದೆ ಕೆಲಸ ನಿಂತಿದೆ.

ಪತ್ರಿಕೆಗಳಲ್ಲಿ ‘ಅನಾಫಿಲಿಸ್ ತಳಿಯ ಸೊಳ್ಳೆ’ ಅಂತ ಬರುತ್ತಿರುತ್ತದೆ. ನನಗಂತೂ ಒಪ್ಪುವುದಿಲ್ಲ. ತಳಿ ಅಂದರೆ ಹಳ್ಳಿಕಾರ್ ದನ, ಬನ್ನೂರು ಕುರಿ, ರಾಜಮುಡಿ ಭತ್ತ, ಅಂದರೆ ಜನ ಆರಿಸಿ ಆರಿಸಿ ಉಳಿಸಿಕೊಂಡು ಬಂದದ್ದು. ಸೊಳ್ಳೆಯನ್ನು ಹಾಗೆ ಯಾರು ಸಾಕಿದ್ದಾರೆ? ‘ಜಾತಿ’ ಎಲ್ಲರಿಗೂ ಗೊತ್ತಿರುವ ಮಾತು, ಆದರೆ ಅದನ್ನು ಕೆಲವರು ಜೀನಸ್‌ಗೆ, ಅಂದರೆ ಹತ್ತಿರದ ಸ್ಪೀಷೀಸ್‌ಗಳು ಸೇರಿದ ಗುಂಪಿಗೆ ಬಳಸುತ್ತಾರೆ, ಕೆಲವರು ಸ್ಪೀಷೀಸ್‌ಗೆ.

ಇದು ಸುಮ್ನೆ ಬಿಡುವ ಗೊಂದಲವಲ್ಲ. ಅನಾಫಿಲಿಸ್ ಅನ್ನುವುದು ಒಂದು ಸೊಳ್ಳೆಯ ಹೆಸರಲ್ಲ, ಇಡೀ ಗುಂಪಿನ ಹೆಸರು. ಭಾರತದಲ್ಲೇ ಅದರಲ್ಲಿ ಸುಮಾರು 60 ಬಗೆಗಳಿವೆ, ಮಲೇರಿಯಾ ಹರಡುವುದರಲ್ಲಿ ಮುಖ್ಯವಾದವು ಆರೇಳು ಮಾತ್ರ. ನಾಲೆ, ಗದ್ದೆ, ಬಸಿನೀರಿನ ಗುಂಡಿಗಳಲ್ಲಿ ಮರಿಯಾಗುವುದು ಕ್ಯುಲಿಸಿಫೇಸೀಸ್ ಅನ್ನುವ ಬಗೆ. ಅದಕ್ಕೆ ಮನುಷ್ಯರಿಗಿಂತ ದನದ ರಕ್ತವೇ ಇಷ್ಟ, ಆದರೂ ಅದು ಜಾಸ್ತಿಯಾದಾಗ ಹಳ್ಳಿಗಾಡಿನಲ್ಲಿ ಮಲೇರಿಯಾ ಹಬ್ಬಿಸುವುದು ಮುಖ್ಯವಾಗಿ ಅದೇ. ಪೇಟೆಗಳಲ್ಲಿ ಸ್ಟೀಫೆನ್ಸಿ, ಅದಕ್ಕೆ ತಾರಸಿ ಟ್ಯಾಂಕು, ಬಾವಿ, ಮನೆ ಕಟ್ಟುವ ಕಡೆ ನಿಂತ ನೀರು ಸಾಕು. ಬೆಟ್ಟದ ತಪ್ಪಲಿನ ತೊರೆಗಳಲ್ಲಿ ಫ್ಲೂವಿಯಾಟಿಲಿಸ್. ಇದರೊಳಗೂ ಕಣ್ಣಿಗೆ ಒಂದೇ ಥರ ಕಾಣುವ ಒಳಬಗೆಗಳಿವೆ, ಒಂದು ಮನುಷ್ಯರನ್ನೇ ಹುಡುಕಿಕೊಂಡು ಬರುತ್ತದೆ, ಉಳಿದವು ಹೆಚ್ಚಾಗಿ ದನಗಳನ್ನು ಕಚ್ಚುತ್ತವೆ. ಸಿಬ್ಲಿಂಗ್ ಸ್ಪೀಷೀಸ್ ಅನ್ನುತ್ತಾರಲ್ಲ, ಅವು. ‘ಒಡಹುಟ್ಟು ಪ್ರಭೇದ’ ಅಂದರೆ ನಡೆದೀತೇ?

ಇನ್ನೊಂದು ಪ್ರಶ್ನೆ. ಚರಂಡಿ ನೀರಿನ ಕ್ಯೂಲೆಕ್ಸ್ ಆನೆಕಾಲು ರೋಗ ತರುತ್ತದೆ, ಕಾಲಿಗೆ ಬಿಳಿ ಪಟ್ಟೆ ಇರುವ, ಹಗಲಲ್ಲೇ ಕಚ್ಚುವ ಈಡಿಸ್ ಡೆಂಗಿ ತರುತ್ತದೆ. ಅನಾಫಿಲಿಸ್ ಗೋಡೆ ಮೇಲೆ ಕೂತರೆ ಹಿಂಭಾಗ ಎತ್ತಿ ಓರೆಯಾಗಿ ಕೂರುತ್ತದೆ, ಅಷ್ಟರಲ್ಲೇ ಗುರುತು ಸಿಗುತ್ತದೆ. ಆದರೆ ನಾವು ಎಲ್ಲಕ್ಕೂ ಸೊಳ್ಳೆ ಅಂತಲೇ ಅನ್ನುತ್ತೇವೆ, ಅಲ್ವಾ? ಹೀಗೆ ಓರೆಯಾಗಿ ಕೂರುವ ಸೊಳ್ಳೆಗೆ ನಿಮ್ಮ ಕಡೆ ಹಿರಿಯರ ಬಾಯಲ್ಲಿ ಬೇರೆ ಹೆಸರೇನಾದರೂ ಕೇಳಿದ್ದೀರಾ? ಕೆಆರ್‌ಎಸ್ ನಾಲೆ ಬಂದ ಹೊಸದರಲ್ಲಿ, 1930ರ ದಶಕದಲ್ಲಿ, ಈ ಸೀಮೆ ಮಲೇರಿಯಾದಿಂದ ಬಹಳ ನರಳಿತು. ಚಳಿಜ್ವರ ಅನ್ನುವ ಮಾತು ಇನ್ನೂ ಇದೆ. ಅದನ್ನು ತರುವ ಸೊಳ್ಳೆಯ ಹೆಸರು ಯಾರ ನಾಲಗೆಯಲ್ಲಾದರೂ ಉಳಿದಿದ್ದರೆ ದಯವಿಟ್ಟು ಊರಿನ ಹೆಸರಿನ ಸಮೇತ ಬರೆಯಿರಿ.

ಸದ್ಯಕ್ಕೆ ಗುಂಪಿಗೆ ‘ಕುಲ’, ಅದರ ಒಳಗಿನದಕ್ಕೆ ‘ಪ್ರಭೇದ’ ಅಂತ ಇಟ್ಟುಕೊಂಡಿದ್ದೇನೆ. ಓದುವವರಿಗೆ ಪ್ರಭೇದ ಭಾರವಾದರೆ ‘ಬಗೆ’ ಸಾಕೇ, ಇಲ್ಲ ಅದು ತೀರಾ ಸಡಿಲವಾಯಿತೇ? ಜೀವಶಾಸ್ತ್ರ ಪಾಠ ಮಾಡುವವರು, ಹಳ್ಳಿಗಳಲ್ಲಿ ಆರೋಗ್ಯದ ಕೆಲಸ ಮಾಡಿದವರು ತಾವು ಬಳಸುವ ಮಾತನ್ನು ತಿಳಿಸಿ.